ಟರ್ಬೊದ ಕೋಡಿ ಯಾರ ಕೈಯಲ್ಲಿ?

ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಓಡಾಡುವ ಡೀಸೆಲ್ ಗಾಡಿಗಳಲ್ಲಿ ಟರ್ಬೊ ಇಲ್ಲದ್ದನ್ನು ಹುಡುಕಹೊರಟರೆ ಹಳೆಯ ಟ್ರ್ಯಾಕ್ಟರ್ ಒಂದೆರಡು ಸಿಕ್ಕಾವು, ಹೆಚ್ಚೇನೂ ಸಿಗದು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ನಸುಕಿಗೇ ಹೊರಡುವ ಪಿಕಪ್, ಗ್ರಾನೈಟ್ ಕಲ್ಲು ಏರಿಸಿಕೊಂಡ ಲಾರಿ, ಸಾರಿಗೆ ನಿಗಮದ ಬಸ್ಸು, ಭಾನುವಾರ ಸಂಗಮಕ್ಕೆ ಜನರನ್ನು ಕರೆತರುವ ಇನ್ನೋವಾ, ಎಲ್ಲದರ ಬಾನೆಟ್ಟಿನ ಕೆಳಗೂ ಎಂಜಿನ್ ಬಿಟ್ಟ ಹೊಗೆಯಿಂದಲೇ ತಿರುಗಿ ಎಂಜಿನ್‌ಗೇ ಗಾಳಿ ತುಂಬುವ ಪುಟ್ಟ ಚಕ್ರವೊಂದಿದೆ. ಆ ಚಕ್ರ ಮಿತಿ ಮೀರದಂತೆ ತಡೆಯಲು ಬಹುಪಾಲು ಕಾರುಗಳಲ್ಲಿ ಬಳಸಿರುವುದು ಹೊಗೆಯನ್ನು ಪಕ್ಕಕ್ಕೆ ಬಿಟ್ಟುಬಿಡುವ ಒಂದು ಬಾಗಿಲು. ಅದಕ್ಕೆ ವೇಸ್ಟ್‌ಗೇಟ್ ಎನ್ನುತ್ತಾರೆ. ಅದು ಟರ್ಬೊದ ಮೈಯೊಳಗೇ ಇರಬಹುದು, ಹೊರಗೆ ಪೈಪಿನ ಮೇಲೆ ಬೇರೆಯಾಗಿಯೂ ಕೂರಬಹುದು. ಕಾರು ಪ್ರಿಯರ ನಡುವೆ ಈ ಒಳಗೆ-ಹೊರಗೆ ವಾದ ಸಾಮಾನ್ಯವಾಗಿ ಶಕ್ತಿಯ ವಾದವಾಗಿ ನಡೆಯುತ್ತದೆ: ಹೊರಗಿನದು ಗಟ್ಟಿಗರಿಗೆ, ಒಳಗಿನದು ಸಂಸಾರಸ್ಥರಿಗೆ ಎಂಬಂತೆ. ಈ ಬಾಗಿಲಿನ ನೂರು ವರ್ಷದ ಚರಿತ್ರೆ ನೋಡಿದರೆ ನನಗೆ ಕಾಣುವುದು ಬೇರೆ. ಬಾಗಿಲು ಎಲ್ಲಿರಬೇಕೆಂಬುದನ್ನು ಎಂಜಿನ್‌ನ ಬಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುತ್ತ ಬಂದದ್ದು ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ. ಅದಕ್ಕೆ ಸಾಕ್ಷಿ ಬೆಂಗಳೂರು ಮತ್ತು ಬಿಡದಿಗಳಲ್ಲೇ ಸಾಕಷ್ಟು ಸಿಗುತ್ತದೆ.

ಮೊದಲು ಕೆಲಸದ ಬಗೆ. ಎಂಜಿನ್‌ನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನ ಉರಿಯುತ್ತದೆ, ಹೆಚ್ಚು ಹೊಗೆ ಬರುತ್ತದೆ, ಚಕ್ರ ಇನ್ನೂ ಜೋರಾಗುತ್ತದೆ. ತಡೆಯದಿದ್ದರೆ ಈ ಸುತ್ತು ಪಿಸ್ಟನ್ ಕರಗುವಲ್ಲಿಯೋ ಚಕ್ರ ಸಿಡಿಯುವಲ್ಲಿಯೋ ನಿಲ್ಲುತ್ತದೆ. ಕೆರೆಗೆ ಕೋಡಿ ಇರುವುದು ಇಂಥದೇ ಕಾರಣಕ್ಕೆ: ತುಂಬಿದ ಮೇಲೆ ಬರುವ ನೀರು ಏರಿಯನ್ನು ಒಡೆಯದೆ ಪಕ್ಕಕ್ಕೆ ಹರಿಯಲಿ ಎಂದು. ಆದರೆ ಕೋಡಿ ಕಲ್ಲಿನ ಕಟ್ಟಡ, ಅದರ ಎತ್ತರ ಬದಲಾಗದು. ವೇಸ್ಟ್‌ಗೇಟ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟಿನ ಜಾತಿಗೆ ಸೇರುತ್ತದೆ. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಕೂರಿಸಿ, ಮುಂದೆ ಕೃಷ್ಣರಾಜಸಾಗರಕ್ಕೂ ತಂದ ಆ ಗೇಟುಗಳು ನೀರಿನ ಮಟ್ಟ ಏರಿದಾಗ ತಾವೇ ಏಳುತ್ತವೆ, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತವೆ. ಅಲ್ಲಿ ನೀರೇ ಕಾವಲುಗಾರ, ಇಲ್ಲಿ ಒತ್ತಿದ ಗಾಳಿ. ಕಂಪ್ರೆಸರಿನಿಂದ ಒಂದು ಸಣ್ಣ ಹೋಸ್ ಡಬ್ಬಿಯೊಂದಕ್ಕೆ ಹೋಗುತ್ತದೆ. ಡಬ್ಬಿಯೊಳಗೆ ಡಯಾಫ್ರಮ್, ಅದರ ಹಿಂದೆ ಸ್ಪ್ರಿಂಗ್. ಗಾಳಿಯ ಒತ್ತಡ ಸ್ಪ್ರಿಂಗನ್ನು ಗೆದ್ದ ಕ್ಷಣ ಕಡ್ಡಿ ಮುಂದೆ ಚಾಚಿ ಬಾಗಿಲು ತೆರೆಯುತ್ತದೆ, ಹೊಗೆಯ ಒಂದು ಪಾಲು ಚಕ್ರವನ್ನು ಮುಟ್ಟದೆ ನೇರ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಒಳಗಿನ ವೇಸ್ಟ್‌ಗೇಟ್‌ನಲ್ಲಿ ಈ ಬಾಗಿಲು ಟರ್ಬೈನ್ ಮನೆಯ ಗೋಡೆಯ ತೂತನ್ನು ಮುಚ್ಚುವ, ಸಣ್ಣ ತೋಳಿಗೆ ನೇತುಬಿದ್ದ ಒಂದು ತಟ್ಟೆ. ಹೊರಗಿನದರಲ್ಲಿ ಎಂಜಿನ್ ವಾಲ್ವಿನ ಆಕಾರದ ಕವಾಟ ತನ್ನದೇ ಡಬ್ಬಿ, ತನ್ನದೇ ಸ್ಪ್ರಿಂಗ್ ಹೊತ್ತು ಮ್ಯಾನಿಫೋಲ್ಡಿನ ಮೇಲೆ ಪ್ರತ್ಯೇಕವಾಗಿ ಕೂರುತ್ತದೆ. ಹೊಗೆಗೆ ತನ್ನದೇ ಪೈಪು.

ಇನ್ನು ಚರಿತ್ರೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆಯನ್ನು ವಿಮಾನಕ್ಕೆ ಹೊಂದಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್. 1918ರಲ್ಲಿ ಕೊಲೊರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಲಿಬರ್ಟಿ ಎಂಜಿನ್ ಒಯ್ದು, ತೆಳುಗಾಳಿಯಲ್ಲೂ ಟರ್ಬೊ ಅದರ ಬಲ ಉಳಿಸುತ್ತದೆ ಎಂದು ತೋರಿಸಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದೇ ಮನೆತನದ ಟರ್ಬೊಗಳು ಬಿ-24 ಲಿಬರೇಟರ್ ಬಾಂಬರಿನ ನಾಲ್ಕೂ ಎಂಜಿನ್‌ಗಳಲ್ಲಿದ್ದವು. ಬೆಂಗಳೂರು ಚಿತ್ರದೊಳಗೆ ಬರುವುದು ಇಲ್ಲಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1943ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೊ ಆಯಿತು. ಭಾರತ-ಬರ್ಮಾ ರಂಗದ ವಿಮಾನಗಳ ದೊಡ್ಡ ದುರಸ್ತಿ ನಡೆದದ್ದು ಇಲ್ಲಿಯೇ. ಅಲ್ಲಿಗೆ ಬಂದ ಎಲ್ಲ ವಿಮಾನಗಳಲ್ಲೂ ಟರ್ಬೊ ಇರಲಿಲ್ಲ. ಡಕೋಟಾ, ಕ್ಯಾಟಲಿನಾಗಳ ಸೂಪರ್‌ಚಾರ್ಜರ್ ಎಂಜಿನ್‌ನ ಗಿಯರಿನಿಂದ ತಿರುಗುತ್ತಿತ್ತು. ಲಿಬರೇಟರ್‌ಗಳದ್ದು ಬೇರೆ ಕಥೆ, ಮತ್ತು ಆ ಕಥೆ ಯುದ್ಧದೊಡನೆ ಮುಗಿಯಲಿಲ್ಲ. ಕಾನ್ಪುರದ ಚಕೇರಿಯಲ್ಲಿ ಬ್ರಿಟಿಷರು ಕೆಲಸಕ್ಕೆ ಬಾರದಂತೆ ಮಾಡಿ ಬಿಟ್ಟುಹೋದ ಲಿಬರೇಟರ್‌ಗಳಲ್ಲಿ 40ರಷ್ಟನ್ನು ಅದೇ ಹಿಂದೂಸ್ತಾನ್ ಕಂಪನಿ, ಅಂದರೆ ಎಚ್‌ಎಎಲ್ ಮತ್ತೆ ಎಬ್ಬಿಸಿತು. ಹೇಗೋ ಹಾರುವಷ್ಟು ಸರಿಮಾಡಿದ ಅವನ್ನು ಬೆಂಗಳೂರಿಗೆ ಹಾರಿಸಿ ತಂದವರು ಕಂಪನಿಯ ಪೈಲಟ್ ಜಮ್‌ಶೆಡ್ ಮುನ್ಷಿ. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. ಅವು ಸೇವೆಯಿಂದ ಇಳಿದದ್ದು 1968ರ ಕೊನೆಗೆ. ಇಂದು ಅಮೆರಿಕ, ಬ್ರಿಟನ್, ಕೆನಡಾಗಳ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ಕೆಲವು ಲಿಬರೇಟರ್‌ಗಳು ಹೀಗೆ ಉಳಿದು, ಭಾರತದಿಂದ ಹೋದವು. ಕಟ್ಟಿದವರಿಗಿಂತ ಗುಜರಿಯಿಂದ ಎತ್ತಿದವರೇ ಅವನ್ನು ಉಳಿಸಿದರು ಎನ್ನುವುದು ನಮ್ಮಲ್ಲಿ ಇನ್ನಷ್ಟು ಜನಕ್ಕೆ ಗೊತ್ತಿರಬೇಕಾದ ಸಂಗತಿ.

ಲಿಬರೇಟರಿನ ಟರ್ಬೊವನ್ನು ಹತ್ತಿರದಿಂದ ನೋಡಿದರೆ ವಾದಕ್ಕೆ ಬೇಕಾದ್ದು ಸಿಗುತ್ತದೆ. ಎಂಜಿನ್ ಮನೆಯ ಹೊಟ್ಟೆಯ ಕೆಳಗೆ, ಗಾಳಿಗೆ ತೆರೆದುಕೊಂಡು ಟರ್ಬೈನ್ ಚಕ್ರ. ಹದಿನಾಲ್ಕು ಸಿಲಿಂಡರುಗಳ ಹೊಗೆ ಸೇರುವ ಪೆಟ್ಟಿಗೆಯ ಕೊನೆಯಲ್ಲಿ ಚಿಟ್ಟೆಯ ರೆಕ್ಕೆಯಂತೆ ತಿರುಗುವ ಒಂದು ಕವಾಟ. ಅದು ಮುಚ್ಚಿದಷ್ಟೂ ಹೊಗೆ ಚಕ್ರದ ಮೇಲೆ ಬೀಳುತ್ತದೆ, ಚಕ್ರ ನಿಮಿಷಕ್ಕೆ 20,000 ಸುತ್ತಿನಾಚೆಗೂ ಹೋಗುತ್ತದೆ. ಮೊದಲ ಮಾದರಿಗಳಲ್ಲಿ ಈ ಕವಾಟವನ್ನು ನಡೆಸುತ್ತಿದ್ದದ್ದು ಎಣ್ಣೆಯ ಒತ್ತಡ. 25,000 ಅಡಿ ಎತ್ತರದಲ್ಲಿ ಹೊರಗಿನ ಚಳಿ ಸೊನ್ನೆಗಿಂತ 30 ಡಿಗ್ರಿಗೂ ಕೆಳಗೆ. ಎಣ್ಣೆ ಗಟ್ಟಿಯಾಗಿ ಕವಾಟ ಹೇಳಿದ ಮಾತು ಕೇಳುತ್ತಿರಲಿಲ್ಲ. ಆಮೇಲೆ ಮಿನಿಯಾಪೊಲಿಸ್-ಹನಿವೆಲ್ ಕಂಪನಿಯ ಎಲೆಕ್ಟ್ರಾನಿಕ್ ನಿಯಂತ್ರಕ ಬಂತು. ನಾಲ್ಕು ಎಂಜಿನ್‌ಗಳ ನಾಲ್ಕೂ ಕವಾಟಗಳಿಗೆ ಪೈಲಟ್ ಮುಂದೆ ಒಂದೇ ತಿರುಗುಗುಂಡಿ, ಅದರ ಮೇಲೆ 0ಯಿಂದ 10ರವರೆಗೆ ಅಂಕಿ. ಇಲ್ಲಿ ಒಂದು ಆಕ್ಷೇಪ ಬರಬಹುದು. ಆ ಕವಾಟ ಟರ್ಬೊದ ಪೆಟ್ಟಿಗೆಗೇ ಅಂಟಿಕೊಂಡಿತ್ತಲ್ಲ, ಅದನ್ನು ಹೊರಗಿನದು ಎನ್ನುವುದು ಹೇಗೆ? ಜಾಗದ ಲೆಕ್ಕದಲ್ಲಿ ಈ ಆಕ್ಷೇಪ ಸರಿಯೇ. ಆದರೆ ಆ ಕವಾಟದ ಮೋಟಾರು, ಸಂವೇದಕಗಳು, ಆಂಪ್ಲಿಫೈಯರ್ ಎಲ್ಲ ಬೇರೆ ಬೇರೆ ಜಾಗದಲ್ಲಿದ್ದವು. ಪ್ರತಿ ಹಾರಾಟಕ್ಕೂ ಮುನ್ನ ಅವನ್ನು ಪರೀಕ್ಷಿಸುವ ಮೆಕ್ಯಾನಿಕ್‌ಗಳಿದ್ದರು, ಹಾರುವಾಗ ಗುಂಡಿಯ ಮೇಲೆ ಕೈಯಿಟ್ಟವರಿದ್ದರು. ಕವಾಟ ತನ್ನಷ್ಟಕ್ಕೆ ತಾನು ಬದುಕಬೇಕೆಂದು ಯಾರೂ ನಿರೀಕ್ಷಿಸಿರಲಿಲ್ಲ. ಹೊರಗಿನ ವೇಸ್ಟ್‌ಗೇಟ್‌ನ ಗುಣ ಅದು ಎಲ್ಲಿ ಬೋಲ್ಟ್ ಆಗಿದೆ ಎಂಬುದಕ್ಕಿಂತ ಈ ನಿರೀಕ್ಷೆಯಲ್ಲಿದೆ.

ಬಾಗಿಲೇ ಇಲ್ಲದ ಟರ್ಬೊಗಳೂ ರಾಮನಗರ, ಚನ್ನಪಟ್ಟಣದ ಮೇಲೆ ದಶಕಗಟ್ಟಲೆ ಓಡಾಡಿವೆ. ಬೆಂಗಳೂರು-ಮೈಸೂರು ಮಾರ್ಗ ಮೀಟರ್ ಗೇಜ್ ಆಗಿದ್ದಾಗ ಗಾಡಿ ಎಳೆಯುತ್ತಿದ್ದ ವೈಡಿಎಂ-4 ಡೀಸೆಲ್ ಎಂಜಿನ್‌ಗಳ ಆರು ಸಿಲಿಂಡರಿನ ಆಲ್ಕೊ ಯಂತ್ರಕ್ಕೆ ದೊಡ್ಡ ಟರ್ಬೊ ಇತ್ತು, ವೇಸ್ಟ್‌ಗೇಟ್ ಇರಲಿಲ್ಲ. ರೈಲಿನ ಎಂಜಿನ್ ತನ್ನ ಎಂಟು ನಾಚ್‌ಗಳಲ್ಲಿ, ಗೊತ್ತಾದ ವೇಗಗಳಲ್ಲಿ ಕೆಲಸ ಮಾಡುತ್ತದೆ. ಅದರ ಟರ್ಬೈನನ್ನು ಪೂರ್ತಿ ಹೊಗೆಯನ್ನೂ ನುಂಗುವಷ್ಟು ದೊಡ್ಡದಾಗಿ ಹೊಂದಿಸಿಬಿಟ್ಟರೆ ಚೆಲ್ಲುವ ಮಾತೇ ಬಾರದು. ಬೆಲೆ ತೆರುವುದು ಕೆಳ ವೇಗದಲ್ಲಿ: ನಿಲ್ದಾಣ ಬಿಡುವಾಗ ಚಕ್ರ ವೇಗ ಹಿಡಿಯುವವರೆಗೆ ಕರಿಹೊಗೆ, ನಿಧಾನ. ರೈಲಿಗೆ ಅದು ನಡೆಯುತ್ತದೆ. ಉಯ್ಯಂಬಳ್ಳಿ ಕಡೆಯ ತಿರುವಿನಲ್ಲಿ ಎರಡನೇ ಗಿಯರಿಗೆ ಇಳಿದ ಪಿಕಪ್ಪಿಗೆ ನಡೆಯುವುದಿಲ್ಲ. ಅದಕ್ಕೆ 1,500 ಸುತ್ತಿನಲ್ಲೇ ಎಳೆತ ಬೇಕು. ಅಷ್ಟು ಬೇಗ ಎಚ್ಚರವಾಗುವ ಟರ್ಬೈನ್ ಚಿಕ್ಕದಿರಬೇಕು, ಚಿಕ್ಕದಿದ್ದರೆ ಮೇಲಿನ ವೇಗದಲ್ಲಿ ಉಸಿರು ಕಟ್ಟುತ್ತದೆ, ಹೊಗೆಯನ್ನು ಪಕ್ಕಕ್ಕೆ ಬಿಡಲೇಬೇಕು. ವೇಸ್ಟ್‌ಗೇಟ್ ಹುಟ್ಟಿಗೆ ಕಾರಣ ಹೆಚ್ಚು ಶಕ್ತಿಯ ಆಸೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು. ರಸ್ತೆಯ ವಾಹನದಲ್ಲಿ ಅದರ ಮೊದಲ ಕೆಲಸ ಕೆಳ ವೇಗದ ಎಳೆತಕ್ಕಾಗಿ ಚಿಕ್ಕ ಟರ್ಬೊವನ್ನು ಸಾಧ್ಯವಾಗಿಸುವುದು.

ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದ ಜನರಲ್ ಮೋಟಾರ್ಸ್‌ನ ಎರಡು ಕಾರುಗಳಲ್ಲಿ. ಷೆವರ್ಲೆ ಕಾರ್ವೇರ್ ಸ್ಪೈಡರ್‌ನಲ್ಲಿ ವೇಸ್ಟ್‌ಗೇಟ್ ಇರಲಿಲ್ಲ. ಕಾರ್ಬ್ಯುರೇಟರ್ ಮತ್ತು ಸೈಲೆನ್ಸರ್‌ನ ಇಕ್ಕಟ್ಟೇ ಅದರ ಮಿತಿ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ ಗ್ಯಾರೆಟ್ ಕಂಪನಿಯ ಟರ್ಬೊ, ಅದರೊಳಗೇ ವೇಸ್ಟ್‌ಗೇಟ್. ಅಂದರೆ ಒಳಗಿನ ಬಾಗಿಲು ಆಮೇಲೆ ಬಂದ ಅಗ್ಗದ ರಾಜಿ ಎನ್ನುವುದು ತಪ್ಪು. ಮೊದಲ ಸಾಲಿನ ಕಾರಿನಲ್ಲೇ ಅದಿತ್ತು. ಆದರೂ ಜೆಟ್‌ಫೈರ್ ಸೋತಿತು, ಸೋತ ರೀತಿ ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ. ಸಿಲಿಂಡರಿನಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಸಿಡಿಯದಿರಲು ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಂದು ತೊಟ್ಟಿಗೆ ತುಂಬಿಸುತ್ತಿರಬೇಕಿತ್ತು. ಮಾಲೀಕರು ತುಂಬಿಸಲಿಲ್ಲ. ತೊಟ್ಟಿ ಬರಿದಾದಾಗ ಕಾರು ತಾನೇ ಬೂಸ್ಟನ್ನು, ಅಂದರೆ ಗಾಳಿಯ ಒತ್ತಡವನ್ನು, ಇಳಿಸಿಕೊಂಡು ಮಂಕಾಗುತ್ತಿತ್ತು, ದೂರುಗಳು ಹೆಚ್ಚಿದವು. ಕೊನೆಗೆ ಕಂಪನಿಯೇ ಟರ್ಬೊ ಬಿಚ್ಚಿ ಸಾಮಾನ್ಯ ಕಾರ್ಬ್ಯುರೇಟರ್ ಹಾಕಿಕೊಡಲು ಮುಂದಾಯಿತು. ಬಾಗಿಲು ಸರಿಯಾಗಿಯೇ ಇತ್ತು. ಮನೆಯವರು ನೋಡಿಕೊಳ್ಳಬೇಕಾದ ಒಂದು ಕೆಲಸ ಉಳಿದಿತ್ತು, ಅದು ಸಾಕಾಯಿತು. ಹತ್ತು ವರ್ಷದ ನಂತರ ಪೋರ್ಷೆ ಟರ್ಬೊವನ್ನು ಮತ್ತೆ ಎತ್ತಿಕೊಂಡಿತು. 1972ರ ಕ್ಯಾನ್-ಆಮ್ ರೇಸಿನ 917ರಲ್ಲಿ ಕಲಿತದ್ದನ್ನು 1975ರ 911 ಟರ್ಬೊಗೆ ತಂದಾಗ ವೇಸ್ಟ್‌ಗೇಟನ್ನು ಹೊರಗೇ, ಪ್ರತ್ಯೇಕವಾಗಿ ಇಟ್ಟಿತು. ರೇಸಿನ ಎಂಜಿನಿಯರುಗಳು ಮಾಡಿದ ಕಾರು, ಕೊಳ್ಳುವವರು ಸರ್ವಿಸಿಗೆ ಹಣ ಚೆಲ್ಲಬಲ್ಲವರು. ಸ್ವೀಡನ್ನಿನ ಸಾಬ್ ಕಂಪನಿಯ ಗಿರಾಕಿಗಳು ಅಂಥವರಲ್ಲ, ಮಾಸ್ತರರು, ಡಾಕ್ಟರುಗಳು. ಸಾಬ್ 1977ರಲ್ಲಿ ತೋರಿಸಿದ 99 ಟರ್ಬೊದಿಂದ ಮುಂದುವರಿದು 80ರ ದಶಕದ ಆರಂಭದಲ್ಲಿ ಮಾಡಿದ ಕೆಲಸ ಬಹಳ ಮುಖ್ಯವಾದದ್ದು. ಎಂಜಿನ್‌ನಲ್ಲಿ ನಾಕಿಂಗ್, ಅಂದರೆ ಇಂಧನ ಹೊತ್ತಿಗೆ ಮುಂಚೆ ಸಿಡಿಯುವುದು, ಶುರುವಾದದ್ದನ್ನು ಕೇಳಿಸಿಕೊಳ್ಳುವ ಸಂವೇದಕ ಹಾಕಿ, ವೇಸ್ಟ್‌ಗೇಟ್ ಡಬ್ಬಿಗೆ ಹೋಗುವ ಗಾಳಿಯನ್ನು ವಿದ್ಯುತ್ ಕವಾಟದಿಂದ ಹೆಚ್ಚು ಕಡಿಮೆ ಮಾಡಿತು. ಲಿಬರೇಟರ್ ಪೈಲಟ್ಟಿನ ಗುಂಡಿ ಮತ್ತೆ ಬಂತು. ಈ ಸಲ ಅದನ್ನು ತಿರುಗಿಸುವವನು ಮನುಷ್ಯನಲ್ಲ.

ಹೊರಗಿನ ವೇಸ್ಟ್‌ಗೇಟ್‌ಗೆ ಅನ್ಯಾಯ ಮಾಡುವುದು ಬೇಡ. ಅದರ ಪರವಾದ ಭೌತಶಾಸ್ತ್ರ ನಿಜವಾದದ್ದು. ಒಳಗಿನ ತಟ್ಟೆ ಮುಚ್ಚುವ ತೂತು ಎರಡೂವರೆ ಸೆಂಟಿಮೀಟರ್ ಆಸುಪಾಸಿನದು. ಟರ್ಬೈನ್ ಮನೆಯ ಎರಕದಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗ ಸಿಗುವುದು ಕಷ್ಟ. ತಟ್ಟೆ ತೆರೆದರೂ ಅದು ಹೊಗೆಯ ದಾರಿಗೆ ಅಡ್ಡವಾಗಿಯೇ ನಿಲ್ಲುತ್ತದೆ, ತಿರುವಿ ಬಂದ ಹೊಗೆ ಚಕ್ರದಿಂದ ಹೊರಬರುವ ಹೊಗೆಗೆ ಡಿಕ್ಕಿ ಹೊಡೆಯುತ್ತದೆ. ಎಂಜಿನ್ ದೊಡ್ಡದು, ಟರ್ಬೈನ್ ಚಿಕ್ಕದು ಆದಾಗ ತೂತು ಸಾಲದೆ, ಬಾಗಿಲು ಪೂರ್ತಿ ತೆರೆದಿದ್ದರೂ ಬೂಸ್ಟ್ ಮೆಲ್ಲಗೆ ಏರುತ್ತಲೇ ಹೋಗುತ್ತದೆ. ಎದುರಿನ ಹೊಗೆಯ ಒತ್ತಡ ತಟ್ಟೆಯನ್ನು ತಾನೇ ತಳ್ಳಿ ಬೇಗ ತೆರೆಸುವುದೂ ಉಂಟು. ಹೊರಗಿನ ಗೇಟು 38, 45, 60 ಮಿಲಿಮೀಟರ್ ಅಳತೆಗಳಲ್ಲಿ ಸಿಗುತ್ತದೆ, ನಾಲ್ಕೂ ಸಿಲಿಂಡರಿನ ಹೊಗೆ ಕೂಡುವ ಜಾಗದಲ್ಲಿ ಸರಿಯಾದ ಕೋನದಲ್ಲಿ ಕೂರಿಸಿದರೆ ಹೊಗೆ ಸಲೀಸಾಗಿ ಅತ್ತ ಹರಿಯುತ್ತದೆ, ಸ್ಪ್ರಿಂಗ್ ಬದಲಿಸಿ ಮಿತಿ ಬದಲಿಸಬಹುದು. ಇದನ್ನೆಲ್ಲ ಒಪ್ಪಿದ ಮೇಲೂ ಉಳಿಯುವ ಮಾತು ಇಷ್ಟು. ಸರಿಯಾದ ಕೋನದಲ್ಲಿ ವೆಲ್ಡ್ ಮಾಡುವವನು ಬೇಕು. ಪೆಟ್ರೋಲ್ ಎಂಜಿನ್‌ನ ಹೊಗೆ 900 ಡಿಗ್ರಿ ದಾಟುವಾಗ ಆ ವೆಲ್ಡು, ಆ ಕ್ಲಾಂಪು ಬಿರುಕು ಬಿಟ್ಟಿವೆಯೇ ಎಂದು ನೋಡುವವನು ಬೇಕು. ಡಯಾಫ್ರಮ್ ಬೆಂದುಹೋಗದಂತೆ ಕಾಯುವವನು ಬೇಕು. ಹೊಗೆಯನ್ನು ನೇರ ಗಾಳಿಗೆ ಬಿಟ್ಟರೆ ಕಿವಿಗಡಚಿಕ್ಕುವ ಸದ್ದಿಗೆ ಉತ್ತರ ಹೇಳುವವನು ಬೇಕು. ಹೊರಗಿನ ಗೇಟಿನ ಪ್ರತಿ ಗುಣಕ್ಕೂ ಒಬ್ಬ ಆಳು ಜೊತೆಗಿದ್ದಾನೆ.

ರೇಸಿನ ಲೋಕದಲ್ಲಿ ಆ ಆಳುಗಳಿಗೆ ಕೊರತೆಯಿಲ್ಲ, ಅದಕ್ಕೇ ಅಲ್ಲಿ ಹೊರಗಿನ ಗೇಟು ಉಳಿಯಿತು. ಆದರೆ ರೇಸು ನಡೆಸುವವರು ಗೇಟನ್ನು ನಂಬಲೇ ಇಲ್ಲ ಎನ್ನುವುದೂ ಅಷ್ಟೇ ಸತ್ಯ. ಫಾರ್ಮುಲಾ ಒನ್ 1987ರಲ್ಲಿ ಬೂಸ್ಟಿಗೆ 4 ಬಾರ್, 1988ರಲ್ಲಿ 2.5 ಬಾರ್ ಮಿತಿ ಹಾಕಿದಾಗ ಅದಕ್ಕೆ ಬಳಸಿದ್ದು ತಂಡಗಳ ವೇಸ್ಟ್‌ಗೇಟನ್ನಲ್ಲ, ಗಾಳಿಯ ಕಡೆ ಹಾಕಿದ ತಮ್ಮದೇ ಬೇರೆ ಕವಾಟವನ್ನು. ರ‍್ಯಾಲಿಯಲ್ಲಿ ಗಾಳಿ ಒಳಹೋಗುವ ಬಾಯಿಗೇ ಕಿರಿದಾದ ಉಂಗುರ ಕೂರಿಸಿದರು. ಗೌರವ್ ಗಿಲ್ 2016 ಮತ್ತು 2017ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಪಟ್ಟ ಗೆದ್ದ ಸ್ಕೋಡಾ ಫ್ಯಾಬಿಯಾ ಆರ್5ಕ್ಕೂ ಅಂಥ 32 ಮಿಲಿಮೀಟರಿನ ಉಂಗುರವಿತ್ತು. ಆ ಪಂದ್ಯಾವಳಿಯ ಭಾರತದ ಸುತ್ತು ನಡೆಯುತ್ತಿದ್ದದ್ದು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ. ಗೇಟನ್ನು ಹೇಗೆ ಬೇಕಾದರೂ ಆಡಿಸಬಲ್ಲ ಜಾಣರು ತಂಡಗಳಲ್ಲಿದ್ದಾರೆ ಎಂದು ನಿಯಮ ಮಾಡುವವರಿಗೆ ಗೊತ್ತಿತ್ತು. ಉಂಗುರವನ್ನೂ ಬಿಡಲಿಲ್ಲ ಎನ್ನಿ: 1995ರಲ್ಲಿ ಟೊಯೋಟಾ ತಂಡ ಉಂಗುರದ ಪಕ್ಕದಿಂದ ಕಳ್ಳಗಾಳಿ ಎಳೆಯುವ ಅದ್ಭುತ ಕೈಚಳಕ ಮಾಡಿ ಸಿಕ್ಕಿಬಿದ್ದು ವರ್ಷಕಾಲ ಹೊರಗೆ ಕೂತಿತು. 2016ರಲ್ಲಿ ಫಾರ್ಮುಲಾ ಒನ್ ವೇಸ್ಟ್‌ಗೇಟ್ ಹೊಗೆಗೆ ಬೇರೆ ಪೈಪು ಇರಲೇಬೇಕೆಂದು ನಿಯಮ ಮಾಡಿತು. ಕಾರಣ ಶಕ್ತಿಯೂ ಅಲ್ಲ, ಸುರಕ್ಷತೆಯೂ ಅಲ್ಲ; ಕಾರುಗಳ ಸದ್ದು ಸಾಲದೆಂದು ನೋಡುಗರು ಗೊಣಗುತ್ತಿದ್ದರು.

ನಮ್ಮಲ್ಲಿ ಟರ್ಬೊ ಮನೆಮಾತಾಗಲು ಕಾರಣ ರೇಸಲ್ಲ, ಹೊಗೆಯ ಕಾನೂನು. ಬಿಎಸ್-4 ನಿಯಮ 2017ರ ಏಪ್ರಿಲ್‌ನಲ್ಲಿ, ಬಿಎಸ್-6 2020ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂದ ಮೇಲೆ ಟರ್ಬೊ ಇಲ್ಲದ ಡೀಸೆಲ್ ಕಾರು ಮಾರುವುದು ಆಗದ ಮಾತಾಯಿತು. ಅಷ್ಟರೊಳಗೆ ಒಳಗೋ ಹೊರಗೋ ಎಂಬ ಪ್ರಶ್ನೆ ಇಲ್ಲಿ ಇನ್ನೊಂದು ರೂಪ ತಾಳಿತ್ತು. 2007ರ ಸ್ವಿಫ್ಟ್ ಡೀಸೆಲ್‌ನಲ್ಲಿ ಫಿಯೆಟ್‌ನ 1.3 ಲೀಟರ್ ಎಂಜಿನ್, ಒಳಗಿನ ವೇಸ್ಟ್‌ಗೇಟ್ ಇರುವ ಸರಳ ಟರ್ಬೊ, 75 ಪಿಎಸ್. ಅದೇ ಎಂಜಿನ್ ಎರ್ಟಿಗಾಕ್ಕೆ ಹೋದಾಗ 90 ಪಿಎಸ್. ವ್ಯತ್ಯಾಸಕ್ಕೆ ಮುಖ್ಯ ಕಾರಣ, ಚಕ್ರದ ಸುತ್ತ ತಿರುಗುವ ಸಣ್ಣ ರೆಕ್ಕೆಗಳಿಂದ ಹೊಗೆಯ ದಾರಿಯನ್ನೇ ಹಿಗ್ಗಿಸಿ ಕುಗ್ಗಿಸುವ ಟರ್ಬೊ. ಅದರಲ್ಲಿ ಚೆಲ್ಲುವ ಬಾಗಿಲೇ ಬೇಡ. ಬಿಡದಿಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್‌ನೊಂದಿಗೆ ಉತ್ಪಾದನೆ ಶುರುಮಾಡಿತು. 2010ರಲ್ಲಿ ಕೊರೊಲ್ಲಾ ಆಲ್ಟಿಸ್ ಡೀಸೆಲ್, 2011ರಲ್ಲಿ ಎಟಿಯೋಸ್ ಡೀಸೆಲ್, ಎರಡೂ ಬಿಡದಿಯವೇ, ಎರಡರಲ್ಲೂ ಅದೇ 1.4 ಲೀಟರ್ ಎಂಜಿನ್. ಆಲ್ಟಿಸ್‌ಗೆ ರೆಕ್ಕೆಯ ಟರ್ಬೊ, ಇಂಟರ್‌ಕೂಲರ್, ಸುಮಾರು 88 ಪಿಎಸ್. ಎಟಿಯೋಸ್‌ಗೆ ಸ್ಥಿರ ರೂಪದ ಸರಳ ಟರ್ಬೊ, 68 ಪಿಎಸ್. ಎಂಜಿನ್ ಒಂದೇ, ಜಿಲ್ಲೆ ಒಂದೇ, ಕಂಪನಿ ಒಂದೇ. ಬೇರೆಯಾಗಿದ್ದದ್ದು ಯಾರು ಕೊಳ್ಳುತ್ತಾರೆ, ಹೇಗೆ ಓಡಿಸುತ್ತಾರೆ ಎಂಬ ಲೆಕ್ಕ. ಟ್ಯಾಕ್ಸಿಗೆ ಹೋಗುವ ಎಟಿಯೋಸ್ ದಿನವಿಡೀ ಸಿಗ್ನಲ್‌ಗಳಲ್ಲಿ ನಿಂತು ಮಸಿ ಕಟ್ಟಿಕೊಳ್ಳುತ್ತದೆ, ರೆಕ್ಕೆಗಳು ಮಸಿಗೆ ಸಿಕ್ಕಿ ಅಂಟಿಕೊಂಡರೆ ಟರ್ಬೊ ಬಿಚ್ಚಬೇಕು. ಸರಳ ತಟ್ಟೆಗೆ ಆ ರೋಗ ಅಷ್ಟು ಬೇಗ ತಗಲದು.

ಹಾಗಾದರೆ ರೆಕ್ಕೆಯ ಟರ್ಬೊ ಬಂದು ವಾದವನ್ನೇ ಮುಗಿಸಿತಲ್ಲ, ಇನ್ನೇಕೆ ಒಳಗೆ ಹೊರಗೆ ಎಂದು ಕೇಳಬಹುದು. ಡೀಸೆಲ್‌ಗೆ ಸಂಬಂಧಿಸಿದಂತೆ ಬಹುಮಟ್ಟಿಗೆ ಮುಗಿಸಿತು, ನಿಜ. 2016ರ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಎಂಜಿನ್, ಬೆಂಗಳೂರಿನ ಜಿಗಣಿಯಲ್ಲಿ ತಯಾರಾಗುವುದು, ರೆಕ್ಕೆಯ ಟರ್ಬೊದಿಂದ 150 ಪಿಎಸ್ ಕೊಡುತ್ತದೆ. ಪೆಟ್ರೋಲ್‌ನ ಹೊಗೆ ಡೀಸೆಲ್ಲಿನದಕ್ಕಿಂತ ಬಹಳ ಬಿಸಿ. ಅದನ್ನು ತಾಳುವ ರೆಕ್ಕೆಗಳು ದುಬಾರಿ. 2006ರಲ್ಲಿ ಪೋರ್ಷೆ ತನ್ನ 911ರಲ್ಲಿ ಮಾಡಿ ತೋರಿಸಿತು, ಸಾಮಾನ್ಯ ಕಾರುಗಳಲ್ಲಿ ಹಿಂಬಾಲಿಸಿದವು ಕಡಿಮೆ. ಹೀಗಾಗಿ ಇಂದು ಮಾರಾಟವಾಗುವ ಒಂದು ಲೀಟರ್, ಒಂದೂವರೆ ಲೀಟರ್ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವುಗಳಲ್ಲಿ ಬಾಗಿಲು ಹಾಗೇ ಇದೆ, ಒಳಗೇ ಇದೆ. ಹೊರಗಿನ ಗೇಟಿನ ನಿಖರತೆಯ ಹೆಮ್ಮೆಯೂ ಅಲ್ಲಿ ಸವೆದಿದೆ. ಗಾಳಿ ಡಬ್ಬಿಯ ಬದಲು ವಿದ್ಯುತ್ ಮೋಟಾರು ಕಡ್ಡಿಯನ್ನು ಎಳೆಯುತ್ತದೆ; ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಬಾಗಿಲನ್ನು ಬೇಕೆಂದೇ ತೆರೆದಿಡುತ್ತದೆ, ಸ್ಪ್ರಿಂಗಿಗೆ ಬಾರದ ಬುದ್ಧಿ ಇದು. ಲಿಬರೇಟರಿಗೆ ಎಲೆಕ್ಟ್ರಾನಿಕ್ ನಿಯಂತ್ರಕ ಮಾಡಿದ ಹನಿವೆಲ್, 1999ರಲ್ಲಿ ಅಲೈಡ್‌ಸಿಗ್ನಲ್ ಜೊತೆ ಸೇರಿದಾಗ ಜೆಟ್‌ಫೈರ್‌ನ ಟರ್ಬೊ ಮಾಡಿದ ಗ್ಯಾರೆಟ್ ಕೂಡ ಅದರ ಮನೆಗೆ ಬಂತು. 2018ರಲ್ಲಿ ಗ್ಯಾರೆಟ್ ಬೇರೆಯಾಯಿತು, ಅದರ ಎಂಜಿನಿಯರಿಂಗ್ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿದೆ. 1943ರಲ್ಲಿ ಈ ಊರು ಕವಾಟವನ್ನು ಬಿಚ್ಚಿ ಒರೆಸಿ ಜೋಡಿಸುತ್ತಿತ್ತು, ಈಗ ಅದನ್ನು ವಿನ್ಯಾಸ ಮಾಡುತ್ತಿದೆ.

ಒಳಗಿನ ಬಾಗಿಲಿನ ಮೇಲಿನ ಕೊನೆಯ ಆಕ್ಷೇಪ ದುರಸ್ತಿಗೆ ಸೇರಿದ್ದು, ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಹೊರಗಿನ ಗೇಟು ಕೆಟ್ಟರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಒಳಗಿನದರ ತೋಳಿನ ಬುಷ್ ಸವೆದು ತಟ್ಟೆ ಗಲಗಲ ಎನ್ನತೊಡಗಿದರೆ ಎಷ್ಟೋ ಸರ್ವಿಸ್ ಸೆಂಟರ್‌ಗಳಲ್ಲಿ ಸಿಗುವ ಉತ್ತರ ಒಂದೇ: ಪೂರ್ತಿ ಟರ್ಬೊ ಹಾಕಿಸಿ. ಇದು ನಿಜವಾದ ದೋಷ. ನೋಡಿಕೊಳ್ಳುವವರ ಅಗತ್ಯ ತಪ್ಪಿಸಲು ಹೊರಟ ವಿನ್ಯಾಸ ನೋಡಿಕೊಳ್ಳುವ ದಾರಿಯನ್ನೂ ಮುಚ್ಚಿದೆ. ಆದರೆ ಇದಕ್ಕೆ ಮದ್ದು ಹೊರಗಿನ ಗೇಟು ಹಾಕಿಸುವುದಲ್ಲ. ಬುಷ್, ತಟ್ಟೆ, ಆಕ್ಚುಯೇಟರ್‌ಗಳು ಬಿಡಿ ಭಾಗಗಳಾಗಿ ಸಿಗಬೇಕು. ಟರ್ಬೊ ಬಿಚ್ಚಿ ಕಾರ್ಟ್ರಿಜ್ ಬದಲಿಸಿ ಕೊಡುವ ಗ್ಯಾರೇಜುಗಳು ಬೆಂಗಳೂರಿನಲ್ಲಿ ಇವೆ, ಅವುಗಳ ಕೆಲಸಕ್ಕೆ ಕಂಪನಿಗಳು ಬಾಗಿಲು ತೆರೆಯಬೇಕಷ್ಟೆ. ಇನ್ನು ರಸ್ತೆ ಕಾರಿಗೆ ಹೊರಗಿನ ಗೇಟು ಕೂರಿಸುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು.

2022ರ ನವೆಂಬರ್‌ನಲ್ಲಿ ಹೊರಬಂದ ಬಿಡದಿಯ ಇನ್ನೋವಾ ಹೈಕ್ರಾಸ್‌ಗೆ ಪೆಟ್ರೋಲ್ ಎಂಜಿನ್, ಅದಕ್ಕೆ ಟರ್ಬೊವೇ ಇಲ್ಲ. ಟರ್ಬೊ ಮಾಡುತ್ತಿದ್ದ ಕೆಲಸವನ್ನು ಅದರ ಹೈಬ್ರಿಡ್ ಮಾದರಿಯಲ್ಲಿ ವಿದ್ಯುತ್ ಮೋಟಾರು ಮಾಡುತ್ತದೆ. ಹಾಗೆಂದು ಕನಕಪುರ, ಉಯ್ಯಂಬಳ್ಳಿ, ಮಾಗಡಿ ರಸ್ತೆಗಳ ಟರ್ಬೊಗಳು ನಾಳೆಯೇ ಮಾಯವಾಗುವುದಿಲ್ಲ. ಇವತ್ತು ಓಡುತ್ತಿರುವ ಗಾಡಿಗಳಲ್ಲಿ ಹಲವು ಇನ್ನೂ ಬಹಳ ವರ್ಷ ಓಡುತ್ತವೆ. ಅಂಥ ಗಾಡಿ ಇರುವವರಿಗೆ ಒಂದು ಮಾತು. ಪಿಕಪ್ ಇಲ್ಲ ಎಂದೊಡನೆ ಹೊಸ ಟರ್ಬೊಗೆ ಒಪ್ಪಬೇಡಿ. ಹಲವು ಡೀಸೆಲ್ ಗಾಡಿಗಳಲ್ಲಿ ಆಕ್ಚುಯೇಟರ್ ಡಬ್ಬಿಗೆ ಹೋಗುವ ವ್ಯಾಕ್ಯೂಮ್ ಹೋಸ್ ಬಿಸಿಗೆ ಒಣಗಿ ಬಿರಿದಿದ್ದರೂ ಟರ್ಬೊ ಸತ್ತಂತೆಯೇ ಕಾಣುತ್ತದೆ. ಮೊದಲು ಆ ಹೋಸ್ ನೋಡಿಸಿ, ಆಮೇಲೆ ಕಡ್ಡಿ ಸಲೀಸಾಗಿ ಆಡುತ್ತದೆಯೇ ಎಂದು ಕೈಯಿಂದ ಎಳೆಸಿ ನೋಡಿ, ಅದಾದ ಮೇಲೆ ಟರ್ಬೊ ಬಿಚ್ಚುವ ಮಾತು.